ಆಧಾರ ಪೆಟ್ಟಿಗೆಯಲ್ಲೇ ಇರಲಿ: ಕಾಸರಗೋಡಿನ ಸಣ್ಣ ಉದ್ಯಮಕ್ಕೆ ಯಾವ ಗ್ಯಾರಂಟಿ ಸಾಲ?

2018ರ ಮಳೆಗಾಲ. ಮುಳ್ಳೇರಿಯದ ಹತ್ತಿರ ಒಂದು ಹಿಟ್ಟಿನ ಗಿರಣಿ ಹಾಕಲು ಹೊರಟಿದ್ದೆ. ಬೇಕಿದ್ದದ್ದು 4 ಲಕ್ಷ. ಬ್ಯಾಂಕಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, "ಜಾಗದ ಆಧಾರ ಯಾರ ಹೆಸರಲ್ಲಿದೆ?" ನಮ್ಮ ಕಡೆ ಆಧಾರ ಅಂದ್ರೆ ಜಾಗದ ದಾಖಲೆ ಪತ್ರ, ಕಾರ್ಡ್ ಅಲ್ಲ. ಅಪ್ಪ ಕಬ್ಬಿಣದ ಪೆಟ್ಟಿಗೆ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಆಧಾರವನ್ನೂ ಆ ವರ್ಷದ ತೀರ್ವೆ (ಜಾಗದ ತೆರಿಗೆ) ರಶೀದಿಯನ್ನೂ ಮಾತಾಡದೆ ನನ್ನ ಕೈಗೆ ಕೊಟ್ಟರು. ಸಾಲ ಸಿಕ್ಕಿತು, ಗಿರಣಿ ಶುರುವಾಯಿತು.

ಎರಡು ವರ್ಷ ಕಳೆದ ಮೇಲೆ ತಮ್ಮನಿಗೆ ಮನೆ ಕಟ್ಟಲು ಸಾಲ ಬೇಕಾಯಿತು. ಆಧಾರ ನನ್ನ ಸಾಲಕ್ಕೆ ಬ್ಯಾಂಕಿನಲ್ಲಿತ್ತು. ಅಮ್ಮನ ಬಳೆ, ಸರ ಅಡವಿಟ್ಟು ನನ್ನ ಸಾಲ ತೀರಿಸಿ ಅದನ್ನು ಬಿಡಿಸಿಕೊಂಡೆವು. ಆ ಬಳೆ ವಾಪಸ್ ಅಮ್ಮನ ಕೈಗೆ ಬರಲು ಮತ್ತೆ ಒಂದೂವರೆ ವರ್ಷ ಹಿಡಿಯಿತು.

ಆಮೇಲೆ ಗೊತ್ತಾಯಿತು. ಸಣ್ಣ ಉದ್ಯಮದವರ 10 ಲಕ್ಷದವರೆಗಿನ ಸಾಲಕ್ಕೆ ಜಾಗ, ಮನೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ನನಗೆ ಗೊತ್ತಿರಲಿಲ್ಲ. ಕೌಂಟರಿನಲ್ಲಿದ್ದವರು ಹೇಳಲೂ ಇಲ್ಲ. ಅವತ್ತಿನಿಂದ ನಮ್ಮ ಕಡೆ ಯಾರಾದರೂ ಉದ್ಯಮದ ಸಾಲಕ್ಕೆ ಹೊರಟಿದ್ದಾರೆ ಅಂದರೆ ನಾನೇ ಹೋಗಿ ಮಾತಾಡಿಸುತ್ತೇನೆ. ಹಾಗೆ ಹೇಳುತ್ತಾ ಬಂದದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿ ಬರೆದಿದ್ದೇನೆ.

ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ

"ಸರ್ಕಾರದ ಗ್ಯಾರಂಟಿ ಇರುವ ಸಾಲ ಅಲ್ವಾ, ಕಟ್ಟದಿದ್ದರೂ ನಡೆಯುತ್ತದೆ" ಎನ್ನುವವರನ್ನು ಉಪ್ಪಳದಿಂದ ಕಾಞಂಗಾಡಿನವರೆಗೂ ಕಂಡಿದ್ದೇನೆ. ದಯವಿಟ್ಟು ಆ ಮಾತು ನಂಬಬೇಡಿ. ನಾವು ಕಟ್ಟದೆ ಹೋದರೆ ಬ್ಯಾಂಕಿಗೆ ಆಗುವ ನಷ್ಟದ ಒಂದು ಪಾಲನ್ನು ಸರ್ಕಾರದ ನಿಧಿ ತುಂಬಿಕೊಡುತ್ತದೆ. ಗ್ಯಾರಂಟಿ ಅಂದರೆ ಇಷ್ಟೇ. ಆ ಧೈರ್ಯದಲ್ಲಿ ಬ್ಯಾಂಕ್ ನಮ್ಮ ಹತ್ತಿರ ಅಡಮಾನ ಕೇಳದೆ, ಜಾಮೀನುದಾರರನ್ನು ಕೇಳದೆ ಸಾಲ ಕೊಡುತ್ತದೆ. ನಿಧಿಯಿಂದ ಬ್ಯಾಂಕಿಗೆ ದುಡ್ಡು ಬಂದ ಮೇಲೂ ನಮ್ಮ ಸಾಲ ಹಾಗೇ ಉಳಿಯುತ್ತದೆ, ವಸೂಲಿ ನಡೆಯುತ್ತಲೇ ಇರುತ್ತದೆ. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿಯಾದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಸಾಲ ಹೇಗೆ ಕಟ್ಟಿದ್ದೇವೆ ಎಂದು ತೋರಿಸುವ ಸಿಬಿಲ್ ಸ್ಕೋರ್ ಕೆಟ್ಟರೆ ಮುಂದೆ ಮಕ್ಕಳ ಓದಿನ ಸಾಲಕ್ಕೂ ತೊಂದರೆ.

ಹಾಗಾದರೆ ನಮಗೇನು ಲಾಭ? ಜಾಗದ ಆಧಾರ ಪೆಟ್ಟಿಗೆಯಲ್ಲೇ ಇರುತ್ತದೆ. ಚಿನ್ನ ಮೈಮೇಲೇ ಇರುತ್ತದೆ. ಭಾವನನ್ನೋ ಮಾವನನ್ನೋ ಜಾಮೀನಿಗೆ ಕರೆದುಕೊಂಡು ಹೋಗಿ ಅವರ ಮುಖ ನೋಡುತ್ತಾ ಕೂರಬೇಕಾಗಿಲ್ಲ. ಕಾಯಿಲೆ, ಮದುವೆ, ಮನೆ ಅಂತ ನಾಳೆ ಬರುವ ಅಗತ್ಯಕ್ಕೆ ನಮ್ಮ ಆಸ್ತಿ ಕೈಗೆ ಸಿಗುವ ಹಾಗಿರುತ್ತದೆ. ನಮ್ಮಂಥ ಐವತ್ತು ಸೆಂಟ್ಸ್, ಒಂದು ಎಕರೆಯವರಿಗೆ ಇದು ಸಣ್ಣ ವಿಷಯ ಅಲ್ಲ.

ಈ ಗ್ಯಾರಂಟಿ ಕೊಡುವ ನಿಧಿಗಳಲ್ಲಿ ಎರಡು ಮುಖ್ಯ. ಒಂದು ಮುದ್ರಾದಂಥ ಚಿಕ್ಕ ಸಾಲಗಳಿಗೆ ಇರುವ ನಿಧಿ. ಇನ್ನೊಂದು ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿ ಸೇರಿ 2000ದಲ್ಲಿ ಮಾಡಿದ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್. ಬ್ಯಾಂಕಿನಲ್ಲಿ ಮಾತಾಡುವಾಗ ಈ ಎರಡನೆಯ ಹೆಸರು ನೆನಪಿರಲಿ. "ಸಿಜಿಟಿಎಂಎಸ್‌ಇ ಕವರ್‌ನಲ್ಲಿ ಮಾಡಿ ಕೊಡಬಹುದಾ?" ಎಂದು ಕೇಳಿದರೆ ಮಾತಿನ ದಾರಿಯೇ ಬೇರೆಯಾಗುತ್ತದೆ.

ಮುದ್ರಾ: ಅಂಗಡಿಯವರಿಗೆ, ಈಗಾಗಲೇ ನಡೆಸುತ್ತಿರುವವರಿಗೆ

2015ರ ಏಪ್ರಿಲ್‌ನಲ್ಲಿ ಶುರುವಾದ, ಸಣ್ಣ ಉದ್ಯಮಕ್ಕೆ ಸಾಲ ಕೊಡಿಸುವ ಕೇಂದ್ರದ ಯೋಜನೆ. ಮೊತ್ತ ನೋಡಿ ಇದರಲ್ಲಿ ಬೇರೆ ಬೇರೆ ಹೆಸರು. ಶಿಶು 50 ಸಾವಿರದವರೆಗೆ, ಕಿಶೋರ್ ಅಲ್ಲಿಂದ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ತೀರಿಸಿದವರಿಗೆ 20 ಲಕ್ಷದವರೆಗೆ ಕೊಡುವ ತರುಣ್ ಪ್ಲಸ್ 2024ರಲ್ಲಿ ಸೇರಿತು.

ಮುದ್ರಾದ ದೊಡ್ಡ ಗುಣ ಅಂದರೆ ಅದಕ್ಕೆ ಬಾಗಿಲು ಜಾಸ್ತಿ. ಕಿರಾಣಿ ಅಂಗಡಿ, ಬೇಕರಿ, ಮೊಬೈಲ್ ರಿಪೇರಿ, ಆಟೋರಿಕ್ಷಾ, ಟೈಲರಿಂಗ್, ಹಸು ಸಾಕಣೆ, ಕೋಳಿ, ಜೇನು, ಎಲ್ಲಕ್ಕೂ ಆಗುತ್ತದೆ. ಹೊಸ ಉದ್ಯಮಕ್ಕೂ ಸಿಗುತ್ತದೆ, ಹತ್ತು ವರ್ಷದಿಂದ ನಡೆಯುತ್ತಿರುವ ಅಂಗಡಿಗೆ ಓಣಂ ಮುಂಚೆ ಸಾಮಾನು ತುಂಬಲೂ ಸಿಗುತ್ತದೆ.

ಆದರೆ ಒಂದು ಮಾತು ಸರಿಯಾಗಿ ತಿಳಿದಿರಲಿ. ಮುದ್ರಾದಲ್ಲಿ ಸಬ್ಸಿಡಿ ಇಲ್ಲ. ತೆಗೆದುಕೊಂಡದ್ದನ್ನು ಪೂರ್ತಿ ಕಟ್ಟಬೇಕು. ಬಡ್ಡಿಯನ್ನೂ ಸರ್ಕಾರ ಗೊತ್ತು ಮಾಡುವುದಿಲ್ಲ, ಆಯಾ ಬ್ಯಾಂಕ್ ಹೇಳಿದ್ದೇ ಬಡ್ಡಿ. ಅದಕ್ಕೇ ಒಂದೇ ಬ್ಯಾಂಕಿನಲ್ಲಿ ಕೇಳಿ ಸುಮ್ನೆ ಒಪ್ಪಿಕೊಳ್ಳಬೇಡಿ. ಸರ್ಕಾರಿ ಬ್ಯಾಂಕ್ ಒಂದು, ಗ್ರಾಮೀಣ ಬ್ಯಾಂಕ್ ಒಂದು, ಎರಡು ಕಡೆಯಾದರೂ ಬಡ್ಡಿ ಕೇಳಿ ಬರೆದುಕೊಳ್ಳಿ. ಫೈನಾನ್ಸ್ ಕಂಪನಿಗಳೂ ಮುದ್ರಾ ಹೆಸರಿನಲ್ಲಿ ಕೊಡುತ್ತವೆ, ಬಡ್ಡಿ ಸಾಮಾನ್ಯವಾಗಿ ಜಾಸ್ತಿ.

"ನಿಮ್ಮ ಮುದ್ರಾ ಸಾಲ ಮಂಜೂರಾಗಿದೆ, ಮೊದಲು ಇಷ್ಟು ಕಟ್ಟಿ" ಎಂದು ಫೋನಿಗೆ ಬರುವ ಸೀಲು ಹಾಕಿದ ಕಾಗದ ಪೂರ್ತಿ ಸುಳ್ಳು. ಮುದ್ರಾ ಸಂಸ್ಥೆ ಬ್ಯಾಂಕುಗಳಿಗೆ ದುಡ್ಡು ಒದಗಿಸುವ ಸಂಸ್ಥೆ. ಜನರಿಗೆ ನೇರವಾಗಿ ಸಾಲ ಕೊಡುವುದಿಲ್ಲ, ಏಜೆಂಟರನ್ನೂ ಇಟ್ಟಿಲ್ಲ. ನಿಮ್ಮ ಬ್ಯಾಂಕಿಗೆ ಹೋಗಿ, ಇಲ್ಲವೇ ಕೇಂದ್ರ ಸರ್ಕಾರದ ಜನಸಮರ್ಥ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಈ ಎರಡು ದಾರಿ ಸಾಕು.

ಪಿಎಂಇಜಿಪಿ: ಹೊಸದಾಗಿ ಏನಾದರೂ ತಯಾರಿಸುವವರಿಗೆ

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಜಿಲ್ಲೆಗೆ ಇದು ತುಂಬಾ ಹೊಂದುತ್ತದೆ, ತಪ್ಪು ತಿಳಿದುಕೊಂಡು ಕೈಸುಟ್ಟುಕೊಂಡವರೂ ಇದರಲ್ಲೇ ಜಾಸ್ತಿ.

ಹೊಸ ಘಟಕ ಹಾಕುವವರಿಗೆ ಸಾಲದ ಜೊತೆ ಸಬ್ಸಿಡಿಯನ್ನೂ ಕೊಡುವ ಕೇಂದ್ರದ ಯೋಜನೆ ಇದು, 2008ರದ್ದು. ಖಾದಿ ಆಯೋಗ, ಖಾದಿ ಮಂಡಳಿ, ಜಿಲ್ಲಾ ಉದ್ಯಮ ಕೇಂದ್ರ ಮೂರೂ ನಡೆಸುತ್ತವೆ. ನಮಗೆ ವಿದ್ಯಾನಗರದ ಜಿಲ್ಲಾ ಉದ್ಯಮ ಕೇಂದ್ರ ಹತ್ತಿರ. ವಸ್ತು ತಯಾರಿಸುವ ಘಟಕವಾದರೆ 50 ಲಕ್ಷದವರೆಗಿನ ಯೋಜನೆ, ಸೇವೆಯ ಕೆಲಸವಾದರೆ 20 ಲಕ್ಷದವರೆಗೆ. ಹೊಸ ಘಟಕಕ್ಕೆ ಮಾತ್ರ. ಮೊದಲೇ ಶುರು ಮಾಡಿದ್ದಕ್ಕೆ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಎಂಟನೇ ಕ್ಲಾಸ್ ಪಾಸಾಗಿರಬೇಕು.

ಸಬ್ಸಿಡಿ ಲೆಕ್ಕ ಹೀಗೆ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೆ ನಗರದಲ್ಲಿ 25, ಹಳ್ಳಿಯಲ್ಲಿ 35. ಸ್ವಂತ ಪಾಲು ಸಾಮಾನ್ಯ ವರ್ಗಕ್ಕೆ ಶೇ. 10, ಉಳಿದವರಿಗೆ ಶೇ. 5. ಇಲ್ಲಿ ಹಳ್ಳಿ ಅಂದರೆ ಪಂಚಾಯತು, ನಗರ ಅಂದರೆ ನಗರಸಭೆ. ಹಾಗಾಗಿ ಮಧೂರು ಪಂಚಾಯತಿನೊಳಗೆ ಶೆಡ್ ಹಾಕಿದ ಮಹಿಳೆಗೆ 35, ಅದೇ ಶೆಡ್ ಕಾಸರಗೋಡು ನಗರಸಭೆಯ ಒಳಗಿದ್ದರೆ 25. ಎರಡಕ್ಕೂ ನಡುವೆ ಒಂದು ರಸ್ತೆ ಮಾತ್ರ ಇರಬಹುದು. ಬಾಡಿಗೆ ಕರಾರು ಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಜಾಸ್ತಿ ಸಬ್ಸಿಡಿ ಸಿಗುವವರ ಪಟ್ಟಿಯಲ್ಲಿ "ಗಡಿ ಪ್ರದೇಶ" ಎಂಬ ಮಾತೂ ಇದೆ. ನಮ್ಮವರು ಅದನ್ನು ಓದಿ ತಲಪಾಡಿ, ಪೆರ್ಲ, ಅಡ್ಕಸ್ಥಳದ ಗಡಿ ಎಂದುಕೊಳ್ಳುತ್ತಾರೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಿಗೆ ಮಾತ್ರ ಅದು. ಎರಡು ರಾಜ್ಯಗಳ ನಡುವೆ ಇದ್ದೇವೆ ಎಂಬ ಕಾರಣಕ್ಕೆ ಸಿಗುವುದಿಲ್ಲ.

ಜಾತಿ ಸರ್ಟಿಫಿಕೇಟ್ ವಿಷಯದಲ್ಲೂ ಗಡಿ ಅಡ್ಡ ಬರುತ್ತದೆ. ಹಿಂದುಳಿದ ವರ್ಗದ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದ ಪುತ್ತೂರಿನಲ್ಲಿರುವ ಅಣ್ಣನ ಸರ್ಟಿಫಿಕೇಟ್ ತೋರಿಸಿ ನನಗೂ ಕೊಡಿ ಎಂದರೆ ಆಗುವುದಿಲ್ಲ. ಕೇರಳದ ಪಟ್ಟಿಯಲ್ಲಿ ನಿಮ್ಮ ಸಮುದಾಯ ಹೇಗಿದೆ, ಯಾವ ಕಾಗುಣಿತದಲ್ಲಿದೆ ಎಂದು ಮೊದಲು ವಿಲೇಜ್ ಆಫೀಸಿನಲ್ಲಿ ಕೇಳಿಕೊಳ್ಳಿ. ಕನ್ನಡದಲ್ಲಿ ಒಂದು ಹೆಸರು, ಮಲಯಾಳದಲ್ಲಿ ಒಂದು ಹೆಸರು ಇರುವ ಸಮುದಾಯಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೆಂಗಸರಿಗೆ ಈ ತಲೆನೋವಿಲ್ಲ. ಮಹಿಳೆ ಎಂಬ ಒಂದೇ ಕಾರಣಕ್ಕೆ ಹಳ್ಳಿಯಲ್ಲಿ 35 ಸಿಗುತ್ತದೆ.

ಅಂಗಡಿ ಇಟ್ಟು ಮಾರುವ ವ್ಯಾಪಾರಕ್ಕೆ ನಮ್ಮಲ್ಲಿ ಪಿಎಂಇಜಿಪಿ ಸಾಮಾನ್ಯವಾಗಿ ಇಲ್ಲ. ಬೀಡಿ ಕಟ್ಟಿಸುವ ಕೆಲಸವೂ ಸಾಲ ಕೊಡದ ಕೆಲಸಗಳ ಪಟ್ಟಿಯಲ್ಲಿದೆ. ಬೀಡಿ ಕಟ್ಟಿಯೇ ಸಂಸಾರ ನಡೆದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಮನೆಗಳ ಮಕ್ಕಳು ಈಗ ಬೇರೆ ಕೆಲಸ ಶುರು ಮಾಡಲು ಬಂದರೆ ಬಾಗಿಲು ತೆರೆದೇ ಇದೆ.

ಹಾಳೆ ತಟ್ಟೆಯ ಲೆಕ್ಕ

ನನ್ನ ಅತ್ತಿಗೆ ಪೆರ್ಲದ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಹಾಕಿದಾಗ ನಾವಿಬ್ಬರೂ ರಾತ್ರಿ ಕೂತು ಲೆಕ್ಕ ಹಾಕಿದೆವು. ಒಟ್ಟು 10 ಲಕ್ಷದ ಯೋಜನೆ. ಅವರು ಮಹಿಳೆ, ಜಾಗ ಎಣ್ಮಕಜೆ ಪಂಚಾಯತಿನಲ್ಲಿ.

ಸ್ವಂತ ಪಾಲು 50 ಸಾವಿರ. ಬ್ಯಾಂಕ್ ಮಂಜೂರು ಮಾಡುವುದು 9.5 ಲಕ್ಷ. ಸಬ್ಸಿಡಿ 3.5 ಲಕ್ಷ. ಈ ದುಡ್ಡು ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಅವರ ಹೆಸರಿನ ಠೇವಣಿಯಾಗಿ ಮೂರು ವರ್ಷ ಇರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬ್ಯಾಂಕೂ ಬಡ್ಡಿ ಹಾಕುವ ಹಾಗಿಲ್ಲ. ಅಂದರೆ ಬಡ್ಡಿ ನಡೆಯುವುದು 6 ಲಕ್ಷಕ್ಕೆ. ಮೂರು ವರ್ಷದ ನಂತರ ಬಂದು ನೋಡುತ್ತಾರೆ. ಘಟಕ ನಡೆಯುತ್ತಿದ್ದರೆ ಠೇವಣಿಯನ್ನು ಸಾಲಕ್ಕೆ ಹೊಂದಿಸುತ್ತಾರೆ. ಬಾಗಿಲು ಹಾಕಿದ್ದರೆ ಆ 3.5 ಲಕ್ಷ ಸರ್ಕಾರಕ್ಕೆ ವಾಪಸ್, ಸಾಲದ ಹೊರೆ ನಮ್ಮ ಮೇಲೆ.

ಬಡ್ಡಿ ಶೇ. 10, ಐದು ವರ್ಷ ಎಂದು ಹಿಡಿಯೋಣ. 6 ಲಕ್ಷಕ್ಕೆ ತಿಂಗಳ ಕಂತು ಸುಮಾರು 12,750 ರೂಪಾಯಿ. ಇದೇ 9.5 ಲಕ್ಷವನ್ನು ಮುದ್ರಾ ತರುಣ್‌ನಲ್ಲಿ ಪಡೆದಿದ್ದರೆ ಸುಮಾರು 20,185. ತಿಂಗಳಿಗೆ ಏಳು ಸಾವಿರದ ಮೇಲೆ ವ್ಯತ್ಯಾಸ. ಒಬ್ಬ ಕೆಲಸದವರ ಸಂಬಳದ ದೊಡ್ಡ ಪಾಲು ಅದರಲ್ಲೇ ಹೋಗುತ್ತದೆ. ಇಷ್ಟು ನೋಡಿದರೆ ಪಿಎಂಇಜಿಪಿಯೇ ಸರಿ ಅನಿಸುತ್ತದೆ. ಅತ್ತಿಗೆಯೂ ಅದನ್ನೇ ಆರಿಸಿದರು. ಆದರೆ ಪೆನ್ನು ಕೆಳಗಿಡುವ ಮುಂಚೆ ಇನ್ನೊಂದು ಲೆಕ್ಕ ಇತ್ತು.

ಹಾಳೆ ವರ್ಷವಿಡೀ ಸಿಗುವುದಿಲ್ಲ. ತೋಟದಲ್ಲಿ ಒಣಗಿ ಬಿದ್ದ ಹಾಳೆಯನ್ನು ಬೇಸಗೆಯಲ್ಲೇ ಹೆಕ್ಕಿ, ಒಣಗಿಸಿ, ಅಟ್ಟಿಯಾಗಿ ಕಟ್ಟಿಡಬೇಕು. ಮೊದಲ ಮಳೆಗೆ ನೆನೆದ ಹಾಳೆಯಲ್ಲಿ ಕಪ್ಪು ಚುಕ್ಕಿ ಬರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ಆ ತಟ್ಟೆಯನ್ನು ಯಾರೂ ಕೊಳ್ಳುವುದಿಲ್ಲ. ಅಂದರೆ ಮಳೆಗಾಲಕ್ಕೆ ಬೇಕಾದ ಹಾಳೆಯನ್ನೆಲ್ಲ ಮೇ ತಿಂಗಳೊಳಗೆ ದುಡ್ಡು ಕೊಟ್ಟು ತುಂಬಿಸಿಡಬೇಕು. ಯಂತ್ರಕ್ಕಿಂತ ಈ ದುಡ್ಡೇ ಉಸಿರು ಕಟ್ಟಿಸುತ್ತದೆ.

ಪಿಎಂಇಜಿಪಿಯ 10 ಲಕ್ಷದಲ್ಲಿ ಯಂತ್ರಕ್ಕೆ ಇಷ್ಟು, ಓಡಾಟದ ಬಂಡವಾಳಕ್ಕೆ (ಹಾಳೆ, ಕೂಲಿಯಂಥ ದಿನದ ಖರ್ಚಿಗೆ) ಇಷ್ಟು ಎಂದು ಮೊದಲೇ ಬೇರೆ ಮಾಡಿ ತೋರಿಸಬೇಕು. ಇಲ್ಲೊಂದು ನಿಯಮ ಇದೆ. ಓಡಾಟದ ಬಂಡವಾಳದ ಮಿತಿಯನ್ನು ಮೂರು ವರ್ಷದೊಳಗೆ ಒಂದು ಸಲವಾದರೂ ಪೂರ್ತಿ ಬಳಸಿರಬೇಕು, ಸರಾಸರಿಯಲ್ಲಿ ಶೇ. 75ಕ್ಕಿಂತ ಕಡಿಮೆಯಾಗಬಾರದು. ಬಳಸದೆ ಬಿಟ್ಟರೆ ಅದಕ್ಕೆ ತಕ್ಕ ಸಬ್ಸಿಡಿ ಕಡಿತ. ಸಬ್ಸಿಡಿ ಜಾಸ್ತಿ ಬರಲಿ ಎಂದು ಮೊತ್ತ ಉಬ್ಬಿಸಿ ಬರೆಸುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಕಡಿಮೆ ಬರೆಸಿದವರು ಮೇ ತಿಂಗಳಲ್ಲಿ ಚಿನ್ನ ಅಡವಿಡುತ್ತಾರೆ. ಅತ್ತಿಗೆ ಹಿಂದಿನ ವರ್ಷ ಬೇರೆಯವರ ಘಟಕಕ್ಕೆ ಹಾಳೆ ಕೊಡುತ್ತಿದ್ದರು. ಎಷ್ಟು ಹಾಳೆಗೆ ಎಷ್ಟು ರೂಪಾಯಿ ಎಂದು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದರು. ಆ ಡೈರಿಯ ಲೆಕ್ಕವನ್ನೇ ಪ್ರಾಜೆಕ್ಟ್ ರಿಪೋರ್ಟಿಗೆ ಹಾಕಿದೆವು. ಮ್ಯಾನೇಜರ್ ರಿಪೋರ್ಟಿಗಿಂತ ಆ ಡೈರಿಯನ್ನೇ ಜಾಸ್ತಿ ಹೊತ್ತು ನೋಡಿದರು.

ರಿಪೋರ್ಟಿನಲ್ಲಿ ಮರೆತುಹೋಗುವ ಇನ್ನೊಂದು ಖರ್ಚು ಕರೆಂಟಿನದು. ತ್ರೀ ಫೇಸ್ ಕನೆಕ್ಷನ್ ಬೇಕಾದರೆ ಕಂಬ ಎಷ್ಟು ದೂರ, ಡಿಪಾಸಿಟ್ ಎಷ್ಟು ಎಂದು ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳಿ. ಜಾಗದ ಬೆಲೆಯನ್ನು ಯೋಜನೆಯಲ್ಲಿ ಸೇರಿಸುವಂತಿಲ್ಲ. ಶೆಡ್ಡಿನ ಖರ್ಚು, ಬಾಡಿಗೆ ಸೇರಿಸಬಹುದು.

ಇನ್ನು ಸಮಯ. ಮುದ್ರಾ ಕೆಲವು ವಾರದಲ್ಲಿ ಆಗಬಹುದು. ಪಿಎಂಇಜಿಪಿಯಲ್ಲಿ ಆನ್‌ಲೈನ್ ಅರ್ಜಿ, ಉದ್ಯಮ ಕೇಂದ್ರದ ಪರಿಶೀಲನೆ, ಬ್ಯಾಂಕು, ತರಬೇತಿ, ಆಮೇಲೆ ಸಬ್ಸಿಡಿ. ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಳೆಯ ಕೆಲಸಕ್ಕೆ ಮಳೆಗಾಲದಲ್ಲೇ ಅರ್ಜಿ ಹಾಕಿದರೆ ಬೇಸಗೆಗೆ ದುಡ್ಡು ಕೈಯಲ್ಲಿರುತ್ತದೆ. ಜನವರಿಯಲ್ಲಿ ಹಾಕಿದರೆ ಹಾಳೆ ಮುಗಿದ ಮೇಲೆ ಯಂತ್ರ ಬರುತ್ತದೆ. ಎರಡು ತಿಂಗಳಲ್ಲಿ ಶುರು ಮಾಡಲೇಬೇಕು, ಬೇಕಿರುವುದೂ ಎರಡು ಮೂರು ಲಕ್ಷ ಮಾತ್ರ ಎನ್ನುವವರಿಗೆ ನಾನು ಮುದ್ರಾವನ್ನೇ ಹೇಳುತ್ತೇನೆ. ಸಬ್ಸಿಡಿಗೆ ಕಾದು ಒಂದು ಸೀಸನ್ ಕಳೆದುಕೊಂಡರೆ ಸಬ್ಸಿಡಿಯಷ್ಟೇ ನಷ್ಟವಾಗುತ್ತದೆ.

ಹಪ್ಪಳ, ಚಿಪ್ಸ್, ತೆಂಗಿನೆಣ್ಣೆಯವರಿಗೆ

ತಿನ್ನುವ ವಸ್ತು ಮಾಡುವವರಿಗೆ ಪಿಎಂಎಫ್‌ಎಂಇ ಎಂಬ ಬೇರೆ ಯೋಜನೆ 2020ರಲ್ಲಿ ಬಂತು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಉಪ್ಪಿನಕಾಯಿ, ತೆಂಗಿನೆಣ್ಣೆ ಮಿಲ್ಲು, ಮಸಾಲೆ ಪುಡಿ ಎಲ್ಲ ಇದರಲ್ಲಿ ಬರುತ್ತದೆ. ಸಬ್ಸಿಡಿ ಶೇ. 35, ಗರಿಷ್ಠ 10 ಲಕ್ಷ. ಸ್ವಂತ ಪಾಲು ಶೇ. 10.

ಪಿಎಂಇಜಿಪಿಗಿಂತ ಇದು ಎರಡು ಕಡೆ ಮೇಲು. ಈಗಾಗಲೇ ನಡೆಯುತ್ತಿರುವ ಘಟಕ ದೊಡ್ಡದು ಮಾಡಲೂ ಸಿಗುತ್ತದೆ. ಸಾಮಾನ್ಯ ವರ್ಗದ ಗಂಡಸರಿಗೂ, ನಗರಸಭೆಯೊಳಗಿದ್ದರೂ ಅದೇ 35. ಅಂದರೆ ಕಾಸರಗೋಡು ಪೇಟೆಯಲ್ಲಿ ಚಿಪ್ಸ್ ಕರಿಯುವ ಸಾಮಾನ್ಯ ವರ್ಗದ ಒಬ್ಬರಿಗೆ ಪಿಎಂಇಜಿಪಿಯಲ್ಲಿ 15, ಇಲ್ಲಿ 35. ಅದೇ ಮಂಜೇಶ್ವರದ ಹಳ್ಳಿಯ ಮಹಿಳೆಗೆ ಎರಡರಲ್ಲೂ 35, ಆದರೆ ಸ್ವಂತ ಪಾಲು ಪಿಎಂಇಜಿಪಿಯಲ್ಲಿ ಅರ್ಧ. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಅದು ಮುಖ್ಯ. ಒಂದೇ ಘಟಕಕ್ಕೆ ಎರಡು ಕಡೆಯಿಂದ ಸಬ್ಸಿಡಿ ತೆಗೆದುಕೊಳ್ಳಲಾಗುವುದಿಲ್ಲ. ಯಾವ ಯೋಜನೆಯಾದರೂ ಅದಕ್ಕೊಂದು ಅವಧಿ ಇರುತ್ತದೆ, ಮುಗಿದ ಮೇಲೆ ಮುಂದುವರಿಸುವುದೂ ಉಂಟು, ಬದಲಿಸುವುದೂ ಉಂಟು. ಯಂತ್ರಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ಈ ವರ್ಷದ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಉದ್ಯಮ ಕೇಂದ್ರದಲ್ಲಿ ಕೇಳಿ.

ಕೈಕಸುಬಿನವರು ಮೊದಲು ಇದನ್ನು ನೋಡಿ

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮದಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಅಕ್ಕಸಾಲಿ, ಕುಂಬಾರ, ಕ್ಷೌರಿಕ, ಮಡಿವಾಳ, ಟೈಲರ್, ಹೂ ಕಟ್ಟುವವರು, ಮುರಕಲ್ಲು ಕಟ್ಟುವ ಮೇಸ್ತ್ರಿ, ಬುಟ್ಟಿ ಹೆಣೆಯುವವರು, ತೆಂಗಿನ ನಾರಿನ ಕೆಲಸದವರು, ಮೀನಿನ ಬಲೆ ಮಾಡುವವರು, ದೋಣಿ ಮಾಡುವವರು. ನಮ್ಮ ಕಡಲತೀರಕ್ಕೂ ಒಳನಾಡಿಗೂ ಹೇಳಿ ಮಾಡಿಸಿದ ಪಟ್ಟಿ. ಮೊದಲು 1 ಲಕ್ಷ ಸಾಲ, 18 ತಿಂಗಳಿಗೆ. ಅದನ್ನು ತೀರಿಸಿದರೆ 2 ಲಕ್ಷ, 30 ತಿಂಗಳಿಗೆ. ಬಡ್ಡಿ ಶೇ. 5 ಮಾತ್ರ. 1 ಲಕ್ಷಕ್ಕೆ ತಿಂಗಳ ಕಂತು 5,800ರ ಒಳಗೇ ನಿಲ್ಲುತ್ತದೆ. ಗ್ಯಾರಂಟಿಯ ಶುಲ್ಕವನ್ನೂ ಸರ್ಕಾರವೇ ಕೊಡುತ್ತದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ಬೇರೆ.

ಈ ಬಡ್ಡಿಗೆ ಬೇರೆ ಕಡೆ ಸಾಲ ಸಿಗುವುದು ಕಷ್ಟ. ಆದರೆ ಇದರಲ್ಲೊಂದು ತಿರುವಿದೆ. ಕಳೆದ ಐದು ವರ್ಷದಲ್ಲಿ ಪಿಎಂಇಜಿಪಿ, ಮುದ್ರಾ, ಬೀದಿ ವ್ಯಾಪಾರದವರ ಸ್ವನಿಧಿಯಂಥ ಸಾಲ ತೆಗೆದವರಿಗೆ ಇದು ಸಿಗುವುದಿಲ್ಲ. ಮುದ್ರಾ, ಸ್ವನಿಧಿ ಪೂರ್ತಿ ತೀರಿಸಿದ್ದರೆ ಪರವಾಗಿಲ್ಲ. ಸರ್ಕಾರಿ ನೌಕರರ ಮನೆಯವರಿಗೂ ಇಲ್ಲ. ಹಾಗಾಗಿ ಟೈಲರಿಂಗ್ ಮಾಡುವ ಅಕ್ಕ ಒಬ್ಬರು ಮೊದಲೇ 50 ಸಾವಿರದ ಶಿಶು ಸಾಲ ತೆಗೆದರೆ, ಅದು ತೀರುವ ತನಕ ಶೇ. 5ರ ಸಾಲದ ಬಾಗಿಲು ಮುಚ್ಚಿರುತ್ತದೆ. ಮೊದಲು ವಿಶ್ವಕರ್ಮ, ಆಮೇಲೆ ಮುದ್ರಾ. ಯಾವುದು ಮೊದಲು ಎಂಬ ಈ ಒಂದು ವಿಷಯವನ್ನು ಯಾವ ಕೌಂಟರಿನಲ್ಲೂ ತಾವಾಗಿ ಹೇಳುವುದನ್ನು ನಾನು ಕೇಳಿಲ್ಲ.

ಕಾಸರಗೋಡು ಸೀರೆ ನೇಯುವವರು ಈ 18ರಲ್ಲಿ ಇಲ್ಲ. ಕೈಮಗ್ಗದವರಿಗೆ ಶೇ. 6 ಬಡ್ಡಿಯ ನೇಕಾರ ಮುದ್ರಾ ಬೇರೆಯೇ ಇದೆ.

ನಗರಸಭೆ ವ್ಯಾಪ್ತಿಯಲ್ಲಿ ರಸ್ತೆ ಬದಿ ವ್ಯಾಪಾರ ಮಾಡುವವರಿಗೆ ಸ್ವನಿಧಿ. ಮೊದಲ ಸಲ 15 ಸಾವಿರ, ನಂತರ 25, ಆಮೇಲೆ 50 ಸಾವಿರ. ಸರಿಯಾಗಿ ಕಟ್ಟಿದರೆ ವರ್ಷಕ್ಕೆ ಶೇ. 7ರ ದರದಲ್ಲಿ ಬಡ್ಡಿ ವಾಪಸ್ ಖಾತೆಗೆ ಬರುತ್ತದೆ. ದಿನದ ಬಡ್ಡಿಗೆ ಬೆಳಿಗ್ಗೆ ದುಡ್ಡು ಪಡೆದು ಸಂಜೆ ಕಟ್ಟುವ ಮೀನಿನವರಿಗೆ, ಹಣ್ಣಿನವರಿಗೆ ಇದನ್ನು ಹೇಳಲೇಬೇಕು.

ಗಲ್ಫಿನಿಂದ ಬಂದವರು

ನಮ್ಮ ಜಿಲ್ಲೆಯಲ್ಲಿ ಇದನ್ನು ಬರೆಯದಿದ್ದರೆ ಹೇಗೆ? ಕನಿಷ್ಠ ಎರಡು ವರ್ಷ ವಿದೇಶದಲ್ಲಿ ದುಡಿದು ಊರಿಗೆ ಬಂದವರಿಗೆ ಕೇರಳ ಸರ್ಕಾರದ ಅನಿವಾಸಿಗಳ ಇಲಾಖೆಯಾದ ನೋರ್ಕಾದ ಎನ್‌ಡಿಪ್ರೇಮ್ ಇದೆ. 30 ಲಕ್ಷದವರೆಗಿನ ಯೋಜನೆಗೆ ಶೇ. 15 ಸಬ್ಸಿಡಿ, ಗರಿಷ್ಠ 3 ಲಕ್ಷ. ಮೊದಲ ನಾಲ್ಕು ವರ್ಷ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಸರಿಯಾಗಿ ಕಂತು ಕಟ್ಟಬೇಕು, ಅಷ್ಟೇ. ಹೊಸ ತಯಾರಿಕಾ ಘಟಕವಾದರೆ ಪಿಎಂಇಜಿಪಿಯಲ್ಲೇ ಲಾಭ ಜಾಸ್ತಿ. ವ್ಯಾಪಾರ, ವಾಹನ, ಹೋಟೆಲ್ ಅಂತಿದ್ದರೆ ಇದು ಒಳ್ಳೆಯದು. ಪಾಸ್‌ಪೋರ್ಟಿನ ಹಳೆಯ ಪುಸ್ತಕ ಎಸೆಯಬೇಡಿ, ಎರಡು ವರ್ಷದ ಸಾಕ್ಷಿ ಅದರಲ್ಲೇ ಇರುತ್ತದೆ. ನೋರ್ಕಾ ಅಡಮಾನದ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ, ಅದಕ್ಕೆ ಬ್ಯಾಂಕಿನ ಹತ್ತಿರ ಸಿಜಿಟಿಎಂಎಸ್‌ಇ ಕೇಳಬೇಕು.

ಹತ್ತು ಲಕ್ಷದ ಮೇಲೆ

ದೊಡ್ಡ ಮೊತ್ತಕ್ಕೂ ಸಿಜಿಟಿಎಂಎಸ್‌ಇ ಗ್ಯಾರಂಟಿ ಇದೆ. 2025ರ ಏಪ್ರಿಲ್‌ನಿಂದ ಮಿತಿ 10 ಕೋಟಿ. ಆದರೆ ಅಡಮಾನ ಕೇಳಬಾರದು ಎಂಬ ರಿಸರ್ವ್ ಬ್ಯಾಂಕಿನ ಮಿತಿ ದಾಟಿದ ಮೇಲೆ ಕೊಡುವುದು ಬಿಡುವುದು ಬ್ಯಾಂಕಿಗೆ ಸೇರಿದ್ದು. ವರ್ಷಕ್ಕೊಂದು ಗ್ಯಾರಂಟಿ ಶುಲ್ಕವೂ ಇದೆ, ಸಾಮಾನ್ಯವಾಗಿ ನಮ್ಮ ಖಾತೆಯಿಂದಲೇ ಹೋಗುತ್ತದೆ. 10 ಲಕ್ಷದವರೆಗೆ ಶೇ. 0.37. ಅಂದರೆ 9 ಲಕ್ಷಕ್ಕೆ ಮೊದಲ ವರ್ಷ ಸುಮಾರು 3,330 ರೂಪಾಯಿ. ಮೊತ್ತ ದೊಡ್ಡದಾದಂತೆ ದರವೂ ಏರುತ್ತದೆ. ಮಹಿಳೆಯರಿಗೆ ಸ್ವಲ್ಪ ರಿಯಾಯಿತಿ ಇದೆ. "ಶುಲ್ಕ ಬೀಳುತ್ತದೆ, ಅದರ ಬದಲು ಆಧಾರ ಕೊಟ್ಟುಬಿಡಿ" ಎಂದು ಹೇಳುವವರು ಇದ್ದಾರೆ. ವರ್ಷಕ್ಕೆ ಮೂರು ಸಾವಿರ ಉಳಿಸಲು ಅಪ್ಪನ ಜಾಗವನ್ನು ಐದು ವರ್ಷ ಕಟ್ಟಿಹಾಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ನಾನು ಅನುಭವಿಸಿ ಹೇಳುತ್ತಿದ್ದೇನೆ.

ಚಿನ್ನ ಅಡವಿನ ವಿಷಯಕ್ಕೂ ಒಂದು ಮಾತು. ಅರ್ಧ ಗಂಟೆಯಲ್ಲಿ ದುಡ್ಡು ಸಿಗುತ್ತದೆ, ಕಾಗದ ಪತ್ರ ಬೇಡ. ಮೂರು ತಿಂಗಳ ಹಾಳೆ ಖರೀದಿಗೆ, ಹಬ್ಬದ ಮಾಲಿಗೆ ತಪ್ಪಲ್ಲ. ಐದು ವರ್ಷ ದುಡಿಯುವ ಯಂತ್ರವನ್ನು ಒಂದು ವರ್ಷದ ಚಿನ್ನದ ಸಾಲದಲ್ಲಿ ತರುವುದು ಮಾತ್ರ ಬೇಡ. ಯಂತ್ರ ಗಳಿಸಲು ಶುರು ಮಾಡುವ ಮುಂಚೆಯೇ ಬಿಡಿಸುವ ದಿನ ಬಂದಿರುತ್ತದೆ.

ಬ್ಯಾಂಕಿಗೆ ಹೋಗುವಾಗ

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡೇ ಹೋಗಿ. ಪೂರ್ತಿ ಉಚಿತ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅವರ ಸೇವೆಗೆ ಸ್ವಲ್ಪ ಕೊಟ್ಟರೆ ಸಾಕು, ಸಾವಿರಗಟ್ಟಲೆ ಕೇಳುವವರ ಹತ್ತಿರ ಹೋಗಬೇಡಿ. ಸಾಲ ಎಲ್ಲಿಂದ ಎಂಬುದು ಘಟಕ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಮನೆ ಮಂಜೇಶ್ವರದಲ್ಲಿದ್ದು ಅಂಗಡಿ ಕರ್ನಾಟಕದ ತೊಕ್ಕೊಟ್ಟಿನಲ್ಲಿದ್ದರೆ ಅಲ್ಲಿಯ ಬ್ಯಾಂಕಿನಲ್ಲೇ ಕೇಳುವುದು ಸುಲಭ. ಆಗ ಕೇರಳದ ಯೋಜನೆಗಳು ಸಿಗುವುದಿಲ್ಲ.

ಭಾಷೆಯ ವಿಷಯದಲ್ಲಿ ಎರಡು ಹಕ್ಕು ಗೊತ್ತಿರಲಿ. ಕೇರಳದ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ನಮ್ಮ ಪ್ರದೇಶದ ರಾಜ್ಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಉದ್ಯಮ ಕೇಂದ್ರ, ವಿಲೇಜ್ ಆಫೀಸಿಗೆ ಇದು ಅನ್ವಯಿಸುತ್ತದೆ. ಬ್ಯಾಂಕಿಗೆ ಈ ಕಾಯ್ದೆ ಇಲ್ಲ. ಆದರೆ 2024ರ ಅಕ್ಟೋಬರ್‌ನಿಂದ ಸಣ್ಣ ಉದ್ಯಮದ ಹೊಸ ಅವಧಿ ಸಾಲಕ್ಕೆ (ಕಂತಿನಲ್ಲಿ ತೀರಿಸುವ ಸಾಲಕ್ಕೆ) ಬ್ಯಾಂಕ್ ಒಂದು ಮುಖ್ಯ ವಿವರ ಪತ್ರ ಕೊಡಬೇಕು, ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆ ಎಂದು ಅದರಲ್ಲಿ ಒಂದು ಸಾಲು ಇರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸಲು ಆ ಒಂದು ಸಾಲು ಸಾಕು. ಓದಿ ನೋಡಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅವತ್ತೇ ಸಹಿ ಹಾಕಿ ಎಂದು ಅವಸರ ಮಾಡಿದರೆ ಮನೆಗೆ ತಂದು ಓದುತ್ತೇನೆ ಎನ್ನಿ.

25 ಲಕ್ಷದವರೆಗಿನ ಅರ್ಜಿಗೆ ಬ್ಯಾಂಕ್ 14 ಕೆಲಸದ ದಿನಗಳಲ್ಲಿ ತೀರ್ಮಾನ ಹೇಳಬೇಕು. ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. "ಅಡಮಾನ ಇಲ್ಲ" ಎಂದು ಬರೆದುಕೊಡಲು ಯಾವ ಶಾಖೆಯೂ ಸುಲಭಕ್ಕೆ ಒಪ್ಪುವುದಿಲ್ಲ. ಎಷ್ಟೋ ಸಲ ಆ ಕಾಗದ ಕೇಳಿದ ಮೇಲೆಯೇ ಫೈಲು ಮುಂದೆ ಹೋಗುತ್ತದೆ. ಅಲ್ಲೂ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಇದ್ದಾರೆ, ಅವರ ಮೇಲೆ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಅತ್ತಿಗೆಯ ಅರ್ಜಿಯ ದಿನವೂ ಕೌಂಟರಿನಲ್ಲಿ ಅದೇ ಪ್ರಶ್ನೆ ಬಂತು, ಆಧಾರ ಇದೆಯಾ ಎಂದು. "ಇದೆ ಸಾರ್, ಮನೆಯಲ್ಲಿದೆ. ಇದಕ್ಕೆ ಬೇಡ ಅಲ್ವಾ?" ಎಂದರು ಅತ್ತಿಗೆ. ಕೌಂಟರಿನವರು ಒಂದು ಕ್ಷಣ ನೋಡಿ, ಮುಂದಿನ ಕಾಗದ ಕೇಳಿದರು.